ಸಂಘದ ಲೆಕ್ಕದ ಫೈಲ್ ಅಳಿಸಿಬಿಟ್ಟೆ, ಮರಳಿ ಸಿಗುತ್ತದೆಯೇ? ಗೊತ್ತಿದ್ದವರು ಅನುಭವ ತಿಳಿಸಿ

ಪ್ರಶ್ನೆ ಕೇಳಿದವರು, ಸಿಂಧನೂರು:

ಎಲ್ಲರಿಗೂ ನಮಸ್ಕಾರ. ಮಹಿಳಾ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು ನಾನು. ಕಂಪ್ಯೂಟರ್ ಮುಟ್ಟಿ ಒಂದು ವರ್ಷವೂ ಆಗಿಲ್ಲ. ಮಗಳ ಓದಿಗೆಂದು ಕೊಂಡ ಹಳೆಯ ಯಂತ್ರ, ವಿಂಡೋಸ್ 10 ಇದೆ. ಡಿಸ್ಕಿನಲ್ಲಿ ಜಾಗವಿಲ್ಲ ಎಂಬ ಸೂಚನೆ ಪದೇ ಪದೇ ಬರುತ್ತಿತ್ತು. ಭಾನುವಾರ ಹಬ್ಬಕ್ಕೆ ಮನೆ ಬಳಿದಂತೆ ಬೇಡದ್ದನ್ನೆಲ್ಲ ಅಳಿಸುತ್ತ ಕುಳಿತೆ. ಸೋಮವಾರ ನೋಡಿದರೆ ಸಂಘದ ಸಾಲದ ಲೆಕ್ಕವಿದ್ದ ಎಕ್ಸೆಲ್ ಫೈಲೇ ಇಲ್ಲ. ರಿಸೈಕಲ್ ಬಿನ್ ತೆರೆದರೆ ನಾನೂರಕ್ಕೂ ಹೆಚ್ಚು ಫೈಲುಗಳಿವೆ, ನಮ್ಮದರ ಹೆಸರು ಮಾತ್ರ ಕಾಣುವುದಿಲ್ಲ.

ಇನ್ನೂ ಎರಡು ವಿಷಯ. ಮಗಳ 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿಯ) ಪ್ರಮಾಣಪತ್ರದ ಸ್ಕ್ಯಾನ್ ಪ್ರತಿ ಪೆನ್ ಡ್ರೈವಿನಲ್ಲಿತ್ತು. ಅದನ್ನು ನಾನು ಅಳಿಸಿಲ್ಲ, ಆದರೂ ಈಗ ಅಲ್ಲಿ ಬಾಣದ ಗುರುತಿರುವ ಒಂದೇ ಒಂದು ಚಿತ್ರವಿದೆ, ಬೇರೇನೂ ಇಲ್ಲ. ಹಾಗೆಯೇ ಹಿಂದಿನ ವಾರ ಬಿನ್ನನ್ನು ಒಮ್ಮೆ ಖಾಲಿ ಮಾಡಿದ್ದೆ. ಅದರಲ್ಲಿ ಮಗಳ ಹಂಪಿ ಪ್ರವಾಸದ ಫೋಟೊಗಳಿದ್ದವು ಎಂದು ಅವಳು ಈಗ ಹೇಳುತ್ತಾಳೆ, ಮಾತು ಬಿಟ್ಟಿದ್ದಾಳೆ. ಇಲ್ಲಿಯ ಅಂಗಡಿಯೊಂದರಲ್ಲಿ 2,500 ರೂಪಾಯಿ ಕೇಳಿದರು. ಕೊಡಲೇ? ಗುರುವಾರ ಸಂಘದ ಸಭೆ ಇದೆ.

ಕಂಪ್ಯೂಟರ್ ರಿಪೇರಿ ಮಾಡುವವರು, ಬಳ್ಳಾರಿ:

ಅಕ್ಕ, ಸದ್ಯಕ್ಕೆ ಹಣ ಕೊಡಬೇಡಿ, ಬಿನ್ನನ್ನು ಮತ್ತೆ ಖಾಲಿ ಮಾಡಲೂಬೇಡಿ. ‘ಫೈಲ್ ಹೋಯಿತು’ ಎಂದು ಗಾಬರಿಯಿಂದ ನನ್ನ ಮೇಜಿನ ಮುಂದೆ ಕೂರುವವರಲ್ಲಿ ಹೆಚ್ಚಿನವರ ಫೈಲು ಹೋಗಿರುವುದೇ ಇಲ್ಲ, ಇನ್ನೆಲ್ಲೋ ಕುಳಿತಿರುತ್ತದೆ. ನೀವು ಒಂದೇ ಉಸಿರಿನಲ್ಲಿ ಬರೆದಿದ್ದೀರಿ, ಆದರೆ ಇಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಮದ್ದೂ ಬೇರೆ ಬೇರೆ.

ಫೈಲನ್ನು ಡಿಲೀಟ್ ಮಾಡಿದಾಗ ಅದು ಬಿನ್ನಿಗೆ ಹೋಗುತ್ತದೆ, ಆದರೆ ಡಿಸ್ಕಿನಲ್ಲಿ ತಾನಿದ್ದ ಜಾಗ ಬಿಟ್ಟು ಕದಲುವುದಿಲ್ಲ. ನೀವು ಅಷ್ಟೆಲ್ಲ ಅಳಿಸಿದರೂ ಜಾಗವಿಲ್ಲ ಎಂಬ ಸೂಚನೆ ನಿಲ್ಲದಿದ್ದರೆ ಕಾರಣ ಅದೇ. ಬಿನ್ನಿನಲ್ಲಿರುವುದು ಸುರಕ್ಷಿತ. ನಿಮ್ಮ ಸಂಘದ ಲೆಕ್ಕದ ಬಗ್ಗೆ ನನಗೆ ಚಿಂತೆಯೇ ಇಲ್ಲ.

ಬಿನ್ನನ್ನು ಖಾಲಿ ಮಾಡಿದ ಮೇಲಿನ ಕಥೆ ಬೇರೆ. ಪಹಣಿಯನ್ನು ನೆನೆಸಿಕೊಳ್ಳಿ. ಪಹಣಿಯಲ್ಲಿ ಹೆಸರು ಹೊಡೆದು ಹಾಕಿದರೆ ಹೊಲ ಎದ್ದು ಹೋಗುವುದಿಲ್ಲ, ಬೆಳೆಯೂ ಹಾಗೆಯೇ ನಿಂತಿರುತ್ತದೆ. ಇನ್ನೊಬ್ಬರು ಬಂದು ಉತ್ತು ಬಿತ್ತಿದಾಗಲೇ ಹಳೆಯದು ಹೋಗುವುದು. ಹಾರ್ಡ್ ಡಿಸ್ಕಿನಲ್ಲೂ ಹಾಗೆಯೇ: ‘ಈ ಜಾಗ ಖಾಲಿ’ ಎಂದು ದಫ್ತರದಲ್ಲಿ ಗುರುತು ಬೀಳುತ್ತದೆ, ಫೋಟೊ ಮಾತ್ರ ಅಲ್ಲೇ ಇರುತ್ತದೆ. ಅದರ ಮೇಲೆ ಹೊಸದೇನಾದರೂ ಬರೆದರೆ ಮುಗಿಯಿತು. ಹಾಗಾಗಿ ಲೆಕ್ಕದ ಫೈಲನ್ನು ಬಿನ್ನಿನಿಂದ ಹೊರತೆಗೆದ ಕೂಡಲೇ ಆ ಯಂತ್ರವನ್ನು ಆರಿಸಿಬಿಡಿ. ಯೂಟ್ಯೂಬ್ ಬೇಡ, ಅಪ್‌ಡೇಟ್ ಬೇಡ. ಸುಮ್ಮನೆ ಬ್ರೌಸರ್ ತೆರೆದಿಟ್ಟರೂ ಅದು ಒಳಗೊಳಗೇ ಡಿಸ್ಕಿನ ಮೇಲೆ ಏನಾದರೂ ಬರೆಯುತ್ತಲೇ ಇರುತ್ತದೆ.

ಒಂದು ಕಹಿ ಮಾತು. ನಿಮ್ಮ ಯಂತ್ರದಲ್ಲಿರುವುದು ಹಳೆಯ ಹಾರ್ಡ್ ಡಿಸ್ಕೋ, ತಿರುಗುವ ತಟ್ಟೆಯಿಲ್ಲದ ಹೊಸ ಬಗೆಯ ಎಸ್‌ಎಸ್‌ಡಿಯೋ? ಎಸ್‌ಎಸ್‌ಡಿಯಾದರೆ ಆಸೆ ಬಿಡಿ. ಅದರಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಇದೆ, ವಿಂಡೋಸ್ 7ರ ಕಾಲದಿಂದಲೂ ಇದೆ. ಪಹಣಿಯಲ್ಲಿ ಹೆಸರು ಹೊಡೆದ ಬೆನ್ನಿಗೇ ರೋಟಾವೇಟರ್ ಹೊಡೆದು ನೆಲ ಹದ ಮಾಡಿಟ್ಟ ಹಾಗೆ. ಯಾವ ಸಾಫ್ಟ್‌ವೇರಿಗೂ ಅಲ್ಲಿ ಏನೂ ಸಿಗುವುದಿಲ್ಲ. ಸಿಗುತ್ತದೆ ಎಂದು ಮುಂಗಡ ಕೇಳುವವರಿದ್ದಾರೆ, ಜಾಗ್ರತೆ.

ಡಿ.ಟಿ.ಪಿ. ಅಂಗಡಿಯವರು, ರಾಯಚೂರು:

ಮೇಡಂ, ಒಂದು ಪ್ರಶ್ನೆ. ಫೈಲಿನ ಹೆಸರನ್ನು ‘ನುಡಿ’ ತಂತ್ರಾಂಶ ಬಳಸಿ ಕನ್ನಡದಲ್ಲೇ ಟೈಪ್ ಮಾಡಿದ್ದಿರಾ? ಹಾಗಿದ್ದರೆ ಅದು ನಿಮ್ಮ ಕಣ್ಣ ಮುಂದೆಯೇ ಇದೆ, ನಿಮಗೆ ಗುರುತು ಸಿಕ್ಕಿಲ್ಲ ಅಷ್ಟೆ. ನುಡಿಯ ಹಳೆಯ ಅಕ್ಷರಕ್ರಮದಲ್ಲಿ ಇಟ್ಟ ಹೆಸರುಗಳು ಪಟ್ಟಿಯಲ್ಲಿ ಕನ್ನಡವಾಗಿ ಕಾಣುವುದಿಲ್ಲ. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರ, ಅದರ ನೆತ್ತಿಯ ಮೇಲೊಂದು ಓರೆಗೆರೆ, ನಡುನಡುವೆ ಅರ್ಥವಿಲ್ಲದ ಚಿಹ್ನೆಗಳು, ಹೀಗೆ ಸಾಲಾಗಿ ಇರುತ್ತದೆ. ನಾನೇ ಒಮ್ಮೆ ಮದುವೆ ಪತ್ರಿಕೆಯ ಫೈಲನ್ನು ಕಸವೆಂದುಕೊಂಡು ಅಳಿಸಿದ್ದೆ, ಅದೂ ಮುದ್ರಣಕ್ಕೆ ಹೋಗಬೇಕಾದ ದಿನ.

ಹುಡುಕುವ ಚೌಕದಲ್ಲಿ ‘ಸಂಘ’ ಎಂದು ಯೂನಿಕೋಡಿನಲ್ಲಿ, ಅಂದರೆ ಮೊಬೈಲಿನಲ್ಲಿ ಬಳಸುವಂಥ ಈಗಿನ ಅಕ್ಷರಕ್ರಮದಲ್ಲಿ, ಟೈಪ್ ಮಾಡಿದರೆ ಅಂಥ ಹೆಸರು ಸಿಗುವುದಿಲ್ಲ. ಒಳಗಿನ ಬರಹವೂ ನುಡಿಯದೇ ಆಗಿದ್ದರೆ ಅದೂ ಸಿಗುವುದಿಲ್ಲ. ಅದಕ್ಕೆ ಹೆಸರನ್ನು ಬಿಟ್ಟು ದಿನಾಂಕ ಹಿಡಿಯಿರಿ. ಬಿನ್ನಿನಲ್ಲಿ ಖಾಲಿ ಜಾಗದ ಮೇಲೆ ಬಲಗುಂಡಿ ಒತ್ತಿ, ‘ವ್ಯೂ’ನಲ್ಲಿ ‘ಡೀಟೇಲ್ಸ್’ ಆರಿಸಿ. ಸಾಲು ಸಾಲಾಗಿ ಪಟ್ಟಿ ಬರುತ್ತದೆ. ‘ಡೇಟ್ ಡಿಲೀಟೆಡ್’ ಎಂಬ ತಲೆಬರಹದ ಮೇಲೆ ಒತ್ತಿದರೆ ಭಾನುವಾರ ಅಳಿಸಿದ್ದೆಲ್ಲ ಒಂದು ಕಡೆ ಸೇರುತ್ತದೆ. ಪಕ್ಕದ ‘ಒರಿಜಿನಲ್ ಲೊಕೇಶನ್’ ನೋಡಿದರೆ ಯಾವ ಫೋಲ್ಡರಿನಿಂದ ಬಂದದ್ದು ಎಂದು ತಿಳಿಯುತ್ತದೆ. ಎಕ್ಸೆಲ್‌ನ ಹಸಿರು ಚಿತ್ರ ಕಂಡರೆ ಅದೇ. ಬಿನ್ನಿನೊಳಗಿದ್ದಾಗ ಫೈಲು ತೆರೆಯುವುದಿಲ್ಲ, ಎರಡು ಸಲ ಒತ್ತಿದರೆ ವಿವರಗಳ ಪುಟ್ಟ ಕಿಟಕಿಯಷ್ಟೇ ಬರುತ್ತದೆ. ಕೆಟ್ಟುಹೋಗಿದೆ ಎಂದು ಹೆದರಬೇಡಿ.

‘ರಿಸ್ಟೋರ್’ ಒತ್ತಿದರೆ ಫೈಲು ಮೊದಲಿದ್ದ ಜಾಗಕ್ಕೇ ಹೋಗುತ್ತದೆ. ಡೆಸ್ಕ್‌ಟಾಪಿನಲ್ಲಿ ಹುಡುಕುತ್ತ ಕೂರಬೇಡಿ. ಮೇಲೆ ‘ರಿಸ್ಟೋರ್ ಆಲ್ ಐಟಮ್ಸ್’ ಎಂಬುದೊಂದಿದೆ, ಅದನ್ನು ಒತ್ತಿದರೆ ನಾನೂರೂ ಫೈಲು ಮನೆ ತುಂಬ ಹರಡುತ್ತವೆ. ಅಷ್ಟರಲ್ಲಿ ಅದೇ ಹೆಸರಿನಲ್ಲಿ ಹೊಸ ಲೆಕ್ಕ ಶುರು ಮಾಡಿದ್ದರೆ, ಬದಲಾಯಿಸಲೇ ಎಂದು ಕೇಳುತ್ತದೆ, ಹೂಂ ಎನ್ನಬೇಡಿ. ಹಳೆಯದನ್ನು ಬಿನ್ನಿನಿಂದ ಎಳೆದು ಡೆಸ್ಕ್‌ಟಾಪಿನ ಮೇಲೆ ಬಿಟ್ಟರೂ ನಡೆಯುತ್ತದೆ.

ಜೆರಾಕ್ಸ್ ಮತ್ತು ಇಂಟರ್‌ನೆಟ್ ಸೆಂಟರ್ ನಡೆಸುವವರು, ಮಾನ್ವಿ:

ಬಾಣದ ಗುರುತಿನ ಒಂದೇ ಚಿತ್ರ ಎಂದಿರಲ್ಲ, ಅಲ್ಲೇ ಗೊತ್ತಾಯಿತು. ಅದು ಶಾರ್ಟ್‌ಕಟ್ ವೈರಸ್. ಅದನ್ನು ಎರಡು ಸಲ ಒತ್ತಲೇಬೇಡಿ. ಅರ್ಜಿ ತುಂಬುವ ದಿನಗಳಲ್ಲಿ ನಮ್ಮಂಥ ಅಂಗಡಿಗಳಲ್ಲಿ ಒಂದು ಪೆನ್ ಡ್ರೈವಿನಿಂದ ಇನ್ನೊಂದಕ್ಕೆ ನೆಗಡಿಯ ಹಾಗೆ ಹರಡುತ್ತದೆ. ಇದನ್ನು ಹೇಳಲು ನನಗೇ ಸಂಕೋಚ, ಆದರೆ ಹೆಚ್ಚಾಗಿ ಬರುವುದು ನಮ್ಮಲ್ಲಿಂದಲೇ.

ಅದು ಫೈಲನ್ನು ಅಳಿಸುವುದಿಲ್ಲ, ಬಚ್ಚಿಡುತ್ತದೆ. ಪರೀಕ್ಷೆ ಸುಲಭ: ಪೆನ್ ಡ್ರೈವಿನ ಚಿತ್ರದ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿ. ಒಳಗೆ ಖಾಲಿ ಕಂಡರೂ ಬಳಕೆಯಾದ ಜಾಗ ಹಾಗೆಯೇ ತೋರಿಸುತ್ತಿದ್ದರೆ ನಿಮ್ಮ ಕಾಗದಪತ್ರ ಅಲ್ಲೇ ಇದೆ. ಮೊದಲು ವಿಂಡೋಸ್ ಸೆಕ್ಯುರಿಟಿಯಿಂದ ಆ ಡ್ರೈವನ್ನು ಸ್ಕ್ಯಾನ್ ಮಾಡಿಸಿ. ಆಮೇಲೆ ‘ವ್ಯೂ’ನಲ್ಲಿ ‘ಹಿಡನ್ ಐಟಮ್ಸ್’ಗೆ ಗುರುತು ಹಾಕಿ. ಅಷ್ಟಕ್ಕೂ ಕಾಣದಿದ್ದರೆ ಅಲ್ಲೇ ‘ಆಪ್ಷನ್ಸ್’ ಒಳಗೆ, ವ್ಯವಸ್ಥೆಯ ಸಂರಕ್ಷಿತ ಫೈಲುಗಳನ್ನು ಮುಚ್ಚಿಡು ಎಂಬರ್ಥದ ಸಾಲಿದೆ, ಅದರ ಗುರುತು ತೆಗೆಯಿರಿ. ಹೆಸರೇ ಇಲ್ಲದ ಒಂದು ಮಸುಕು ಫೋಲ್ಡರ್ ಕಾಣಬಹುದು. ಎಲ್ಲ ಅದರೊಳಗೆ ಇರುತ್ತದೆ. ಕೆಲಸ ಮುಗಿದ ಮೇಲೆ ಆ ಗುರುತನ್ನು ಮರಳಿ ಹಾಕಿ, ಇಲ್ಲದಿದ್ದರೆ ಮುಂದಿನ ಭಾನುವಾರ ವಿಂಡೋಸನ್ನೇ ಅಳಿಸೀರಿ.

ಇನ್ನೊಬ್ಬರು, ದೇವದುರ್ಗ:

ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಿ, ವೈರಸ್ ಹೋಗುತ್ತದೆ. ಫೋಟೊಗಳಿಗೆ ಯಾವುದಾದರೂ ರಿಕವರಿ ಸಾಫ್ಟ್‌ವೇರ್ ಇಳಿಸಿಕೊಂಡು ಇನ್‌ಸ್ಟಾಲ್ ಮಾಡಿ. ಐದು ನಿಮಿಷದ ಕೆಲಸ.

ಬಳ್ಳಾರಿಯವರು ಮತ್ತೆ:

ಸರ್, ವೈರಸ್ ಹೋಗುತ್ತದೆ, ಜೊತೆಗೆ ಪ್ರಮಾಣಪತ್ರವೂ ಹೋಗುತ್ತದೆ. ಫಾರ್ಮ್ಯಾಟ್ ಕೊನೆಯಲ್ಲಿ, ಫೈಲುಗಳನ್ನು ಹೊರತೆಗೆದ ಮೇಲೆ. ರಿಕವರಿ ಸಾಫ್ಟ್‌ವೇರನ್ನು ಕಳೆದುಹೋದ ಫೋಟೊ ಇರುವ ಡಿಸ್ಕಿಗೇ ಇಳಿಸಿದರೆ ಅದು ಕುಳಿತುಕೊಳ್ಳುವ ಜಾಗ ಅದೇ ಫೋಟೊದ ಮೇಲೆ ಆಗಬಹುದು. ಬೇರೆ ಕಂಪ್ಯೂಟರಿನಲ್ಲಿ ಇಳಿಸಿ, ಬೇರೆ ಪೆನ್ ಡ್ರೈವಿನಿಂದ ಓಡಿಸಬೇಕು. ಸಿಕ್ಕಿದ್ದನ್ನು ಉಳಿಸುವುದೂ ಬೇರೆ ಡಿಸ್ಕಿಗೇ.

ಛಾಯಾಗ್ರಾಹಕರು, ಕೊಪ್ಪಳ:

ಫೋಟೊಗಳ ವಿಷಯಕ್ಕೆ ನನ್ನದೊಂದು. ಗವಿಮಠದ ಜಾತ್ರೆಯ ದಿನ ತೇರು ಎಳೆಯುವುದನ್ನು ತೆಗೆದ ಮೆಮೊರಿ ಕಾರ್ಡನ್ನು ಅದೇ ರಾತ್ರಿ ನಿದ್ದೆಗಣ್ಣಿನಲ್ಲಿ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿಬಿಟ್ಟೆ. ಖಾಲಿ ಕಾರ್ಡೆಂದು ಕೈಗೆತ್ತಿಕೊಂಡಿದ್ದೆ. ತಿಳಿದ ಕ್ಷಣ ಬೆವರು ಬಿಟ್ಟಿತು, ಪುಷ್ಯ ಮಾಸದ ಚಳಿಯಲ್ಲಿ. ಕಾರ್ಡನ್ನು ಹೊರತೆಗೆದು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿದೆ, ಮತ್ತೊಂದು ಫೋಟೊ ಅದರಲ್ಲಿ ತೆಗೆಯಲಿಲ್ಲ. ಬೆಳಗ್ಗೆ ಫೋಟೊರೆಕ್ ಎಂಬ ತಂತ್ರಾಂಶ ಓಡಿಸಿದೆ. ಉಚಿತ, ಮುಕ್ತ ತಂತ್ರಾಂಶ. ನೋಡಲು ಕಪ್ಪು ಪರದೆ, ಬಾಣದ ಕೀಲಿಗಳಿಂದಲೇ ನಡೆಸಬೇಕು, ಚೆಂದವೇನಿಲ್ಲ. ಅದು ಹಳೆಯ ಪಟ್ಟಿಯನ್ನು ನೋಡುವುದಿಲ್ಲ. ಡಿಸ್ಕನ್ನು ತುಣುಕು ತುಣುಕಾಗಿ ಓದುತ್ತ ‘ಇದು ಫೋಟೊದ ಮೊದಲ ಅಕ್ಷರಗಳಂತಿದೆ’ ಎಂದು ಗುರುತಿಸಿ ಎತ್ತಿಕೊಳ್ಳುತ್ತದೆ. ಅದಕ್ಕೇ ಹೆಸರುಗಳು ಉಳಿಯುವುದಿಲ್ಲ, ಎಲ್ಲಕ್ಕೂ ಒಂದು ಅಕ್ಷರ ಮತ್ತು ಉದ್ದದ ಸಂಖ್ಯೆ. ತೇರಿನ ಫೋಟೊಗಳ ನಡುವೆ ಹಿಂದಿನ ತಿಂಗಳು ಅಳಿಸಿದ್ದ ಸೀಮಂತದ ಫೋಟೊಗಳೂ ಎದ್ದು ಬಂದವು. ಬೇರ್ಪಡಿಸಲು ಎರಡು ದಿನ ಹಿಡಿಯಿತು.

ಮೈಕ್ರೋಸಾಫ್ಟ್‌ನದೇ ಆದ ವಿಂಡೋಸ್ ಫೈಲ್ ರಿಕವರಿ ಕೂಡ ಉಚಿತವಾಗಿ ಸಿಗುತ್ತದೆ, ವಿಂಡೋಸ್ 10ರ 2020ರ ಆವೃತ್ತಿಯಿಂದ ಮುಂದಕ್ಕೆ ನಡೆಯುತ್ತದೆ. ಆದರೆ ಆಜ್ಞೆಗಳನ್ನು ಟೈಪ್ ಮಾಡಬೇಕು. ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ.

ಅಕ್ಕಿ ಗಿರಣಿಯ ಲೆಕ್ಕದವರು, ಗಂಗಾವತಿ:

ಯಾರೂ ಹೇಳದ ಒಂದು ಸೇರಿಸುತ್ತೇನೆ. ನಮ್ಮಲ್ಲಿ ಫೈಲುಗಳು ಗೂಗಲ್ ಡ್ರೈವಿಗೆ ಜೋಡಣೆಯಾಗಿವೆ. ಧಣಿಯವರು ಮೊಬೈಲಿನಲ್ಲಿ ಜಾಗವಿಲ್ಲವೆಂದು ಭತ್ತದ ಚೀಟಿಗಳ ಫೋಲ್ಡರನ್ನು ಅಳಿಸಿದರು. ಮೊಬೈಲಿನದು ಮಾತ್ರ ಹೋಗುತ್ತದೆ ಎಂದು ಅವರ ಲೆಕ್ಕ. ಇತ್ತ ಕಂಪ್ಯೂಟರಿನಲ್ಲೂ ಮಾಯ. ಮೂರು ವಾರ ನಾನು ಹುಡುಗರ ಮೇಲೆ ಅನುಮಾನ ಪಟ್ಟೆ. ಕೊನೆಗೆ ಬ್ರೌಸರಿನಲ್ಲಿ ಗೂಗಲ್ ಡ್ರೈವ್ ತೆರೆದು ಅದರ ಕಸದ ಬುಟ್ಟಿ ನೋಡಿದರೆ ಅಲ್ಲಿತ್ತು. ಅಲ್ಲಿ 30 ದಿನ ಮಾತ್ರ ಇಡುತ್ತಾರೆ, ಆಮೇಲೆ ತಾನಾಗಿಯೇ ಹೋಗುತ್ತದೆ. ಇನ್ನು ಕೆಲವೇ ದಿನ ಉಳಿದಿದ್ದವು. ವೈಯಕ್ತಿಕ ಒನ್‌ಡ್ರೈವ್ ಖಾತೆಯಲ್ಲೂ 30 ದಿನದ್ದೇ ಗಡುವು. ಮಗಳ ಫೋಟೊಗಳು ಮೊದಲು ಮೊಬೈಲಿನಲ್ಲಿ ತೆಗೆದವಾದರೆ ಗೂಗಲ್ ಫೋಟೋಸ್ ಒಮ್ಮೆ ನೋಡಿ ಅಕ್ಕ. ಅಲ್ಲಿ ಬ್ಯಾಕಪ್ ಆಗಿದ್ದವನ್ನು ಅಳಿಸಿದ್ದರೂ 60 ದಿನ ಬುಟ್ಟಿಯಲ್ಲಿರುತ್ತವೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೈ ಮುಗಿಯುತ್ತೇನೆ. ರಾಯಚೂರಿನ ಅಣ್ಣ ಹೇಳಿದ್ದು ನಿಜ. ಓರೆಗೆರೆಯ ‘ಎ’ಗಳ ಸಾಲು, ಭಾನುವಾರ ಮಧ್ಯಾಹ್ನ 3 ಗಂಟೆಯ ಹೊತ್ತಿನದು. ರಿಸ್ಟೋರ್ ಮಾಡಿ ತೆರೆದೆ, ಹತ್ತೊಂಬತ್ತು ಜನರ ಕಂತೂ ಇದೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬದಲಾಯಿಸಿದ್ದೇನೆ. ಪೆನ್ ಡ್ರೈವಿನಲ್ಲಿ ಹೆಸರಿಲ್ಲದ ಫೋಲ್ಡರಿನೊಳಗೆ ಪ್ರಮಾಣಪತ್ರವೂ ಸಿಕ್ಕಿತು.

ಫೋಟೊ ಮೊಬೈಲಿನವಲ್ಲ, ಸ್ನೇಹಿತೆಯ ಅಣ್ಣನ ಕ್ಯಾಮೆರಾದವು. ಯಂತ್ರ ಆರಿಸಿಟ್ಟಿದ್ದೇನೆ, ಹಾರ್ಡ್ ಡಿಸ್ಕೇ ಅಂತೆ. ತಮ್ಮನ ಮಗ ಲಿಂಗಸುಗೂರಿನಿಂದ ಬಂದು ನೋಡುತ್ತಾನೆ. ಅಷ್ಟರಲ್ಲಿ ಒಂದು ಸಂದೇಹ: ಜಾಗ ಮಾಡಬೇಕಾದರೆ ಇನ್ನು ಮುಂದೆ ಏನನ್ನು ಅಳಿಸಲಿ? ಕೈ ನಡುಗುತ್ತದೆ.

ಬಳ್ಳಾರಿಯವರು:

‘ಡೌನ್‌ಲೋಡ್ಸ್’ ಫೋಲ್ಡರಿನಿಂದ ಶುರು ಮಾಡಿ. ಒಂದೇ ಅರ್ಜಿ ನಮೂನೆಯನ್ನು ಏಳು ಸಲ ಇಳಿಸಿಕೊಂಡಿರುತ್ತೀರಿ, ಹೆಸರಿನ ಕೊನೆಗೆ ಒಂದು, ಎರಡು ಎಂದು ಅಂಕಿಗಳಿರುತ್ತವೆ. ಗಾತ್ರದ ಪ್ರಕಾರ ಜೋಡಿಸಿ ದೊಡ್ಡ ವಿಡಿಯೊ ನೋಡಿ. ನಾನೂರು ಚಿಕ್ಕ ಕಾಗದ ಅಳಿಸಿದರೂ ಒಂದು ಸಿನಿಮಾದಷ್ಟು ಜಾಗ ಸಿಗುವುದಿಲ್ಲ. ಬಿನ್ನನ್ನು ಒಂದು ವಾರ ಬಿಟ್ಟು, ಪಟ್ಟಿ ಓದಿ, ಆಮೇಲೆ ಖಾಲಿ ಮಾಡಿ. ಸೆಟ್ಟಿಂಗ್ಸ್‌ನ ‘ಸ್ಟೋರೇಜ್’ನಲ್ಲಿ ಸ್ಟೋರೇಜ್ ಸೆನ್ಸ್ ಎಂಬುದು ಚಾಲೂ ಇದ್ದರೆ ಬಿನ್ನಿನಲ್ಲಿ 30 ದಿನ ದಾಟಿದ್ದನ್ನು ತಾನೇ ಅಳಿಸಬಹುದು, ಅದನ್ನೂ ನೋಡಿಕೊಳ್ಳಿ. ಪೆನ್ ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ಬಿನ್ನಿಗೆ ಬರುವುದಿಲ್ಲ, ನೇರ ಹೋಗುತ್ತದೆ. ಶಿಫ್ಟ್ ಒತ್ತಿ ಡಿಲೀಟ್ ಮಾಡಿದ್ದೂ ಹಾಗೆಯೇ.

ಮಾನ್ವಿಯವರು:

ಆದರೆ ನಮ್ಮಂಥ ಅಂಗಡಿಗೆ ಬಂದಾಗ ಆ ಶಿಫ್ಟ್ ಕೀಲಿಯನ್ನೇ ಬಳಸಿ. ಸಂಜೆ ಬಾಗಿಲು ಹಾಕುವಾಗ ನಮ್ಮ ‘ಡೌನ್‌ಲೋಡ್ಸ್’ ತೆರೆದರೆ ಊರಿನವರ ಆಧಾರ್, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲ ಅಲ್ಲೇ ಬಿದ್ದಿರುತ್ತವೆ. ನಾನು ದಿನವೂ ಅಳಿಸುತ್ತೇನೆ. ಎಲ್ಲರೂ ಅಳಿಸುತ್ತಾರೆ ಎಂದು ಹೇಳಲಾರೆ.

ಪ್ರಶ್ನೆ ಕೇಳಿದವರು, ಶನಿವಾರ:

ಸಭೆ ಮುಗಿಯಿತು, ಲೆಕ್ಕ ಓದಿದೆ, ಯಾರಿಗೂ ಏನೂ ಗೊತ್ತಾಗಲಿಲ್ಲ. ಫೋಟೊರೆಕ್ ನಾಲ್ಕು ಗಂಟೆ ಓಡಿತು. ಹಂಪಿಯ ಫೋಟೊ ನೂರ ಮೂವತ್ತರಲ್ಲಿ ಎಪ್ಪತ್ತರಷ್ಟು ಬಂದಿವೆ. ಕೆಲವು ಮೇಲರ್ಧ ಮಾತ್ರ ಇವೆ, ಕೆಳಗೆ ಬೂದು ಪಟ್ಟಿ: ಕಲ್ಲಿನ ರಥದ ಮೇಲ್ಭಾಗವಿದೆ, ಮುಂದೆ ನಿಂತ ಹುಡುಗಿಯರು ಇಲ್ಲ. ಮಗಳು ಅವನ್ನೂ ಅಳಿಸಲು ಬಿಡುತ್ತಿಲ್ಲ. ಆ ಕ್ಯಾಮೆರಾದ ಕಾರ್ಡ್ ಇನ್ನೂ ಖಾಲಿ ಮಾಡಿದ್ದಾರೋ ಇಲ್ಲವೋ ಎಂದು ಸ್ನೇಹಿತೆಯ ಅಣ್ಣನನ್ನು ಕೇಳಲು ಅವಳು ಈಗ ತಾನೇ ಹೋದಳು.