ಜೀವನದಲ್ಲಿ ಒಮ್ಮೆ ಓಡಿಸಲೇಬೇಕಾದ ಟ್ರ್ಯಾಕ್ ಯಾವುದು? ಓಡಿಸಿದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದಿಂದ ಇದಕ್ಕೆಂದೇ ದುಡ್ಡು ಕೂಡಿಟ್ಟಿದ್ದೇನೆ. ಮುಂದಿನ ವರ್ಷ ಒಂದು ವಾರ ರಜೆ ಹಾಕಿ, ಕನಸಿನ ಟ್ರ್ಯಾಕ್ ಒಂದರಲ್ಲಿ ಕಾರು ಓಡಿಸಿ ಬರಬೇಕು. ಮನಸ್ಸಿನಲ್ಲಿ ಮೂರು ಇವೆ: ಜರ್ಮನಿಯ ನೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫ, ಬೆಲ್ಜಿಯಂನ ಸ್ಪಾ, ಜಪಾನಿನ ಸುಜುಕಾ. ಇಲ್ಲಿಯವರೆಗೆ ಆರು ಟ್ರ್ಯಾಕ್ ಡೇ (ಸಾಮಾನ್ಯರು ದುಡ್ಡು ಕೊಟ್ಟು ಟ್ರ್ಯಾಕ್‌ನಲ್ಲಿ ಓಡಿಸುವ ದಿನ) ಮಾಡಿದ್ದೇನೆ. ಎಲ್ಲವೂ ಒಂದೇ ಚಿಕ್ಕ, ಸಮತಟ್ಟಾದ ಟ್ರ್ಯಾಕ್‌ನಲ್ಲಿ. ಸಿಮ್ಯುಲೇಟರ್‌ನಲ್ಲಂತೂ ಈ ಮೂರನ್ನೂ ನೂರಾರು ಸುತ್ತು ಓಡಿಸಿದ್ದೇನೆ. ನಿಜವಾಗಿ ಓಡಿಸಿದವರು ಇದ್ದರೆ ನಿಮ್ಮ ಅನುಭವ ಹೇಳಿ. ಈ ಮೂರರಲ್ಲಿ ಇಲ್ಲದ ಟ್ರ್ಯಾಕ್ ಆದರೂ ಸರಿ.

ಮೊದಲ ಉತ್ತರ

ನಾನು ನಾರ್ಡ್‌ಶ್ಲೈಫಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಹೋದಾಗ ನನ್ನ ಸ್ಥಿತಿಯೂ ನಿಮ್ಮ ಹಾಗೇ ಇತ್ತು. ಸಿಮ್ಯುಲೇಟರ್‌ನಲ್ಲಿ ತಿರುವುಗಳ ಕ್ರಮ ಬಾಯಿಪಾಠವಾಗಿತ್ತು. ಆ ಕ್ರಮ ಅಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂತು. ಆದರೆ ಪರದೆಯ ಮೇಲೆ ಏರು ಇಳಿಜಾರು ಗೊತ್ತಾಗುವುದೇ ಇಲ್ಲ. ಟ್ರ್ಯಾಕ್‌ನ ಉದ್ದ 20.832 ಕಿಲೋಮೀಟರ್. ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿನ ಜಾಗಕ್ಕೂ ಸುಮಾರು 300 ಮೀಟರ್ ವ್ಯತ್ಯಾಸ. ಫುಕ್ಸ್‌ರೋರೆ ಅನ್ನುವ ಇಳಿಜಾರಿನಲ್ಲಿ ಕಾರು ಕೆಳಗೆ ಧುಮುಕಿ ಹೋಗುತ್ತದೆ. ತಳ ಮುಟ್ಟಿದಾಗ ಮೈಯೆಲ್ಲ ಸೀಟಿಗೆ ಒತ್ತಿಕೊಳ್ಳುತ್ತದೆ. ಮರುಕ್ಷಣವೇ ಏರು. ಏರಿನ ತುದಿಯ ಆಚೆ ಆಡೆನಾವರ್ ಫಾರ್ಸ್ಟ್, ತೀರಾ ನಿಧಾನಕ್ಕೆ ಹೋಗಬೇಕಾದ ತಿರುವು. ಅದು ದೂರದಿಂದ ಕಾಣುವುದಿಲ್ಲ. ಹೊಸಬರು ಅಲ್ಲಿ ನೇರವಾಗಿ ಹುಲ್ಲಿನ ಮೇಲೆ ಹೋಗಿಬಿಡುತ್ತಾರೆ. ನಾನು ಹೋಗದೆ ಉಳಿದದ್ದು ಪಕ್ಕದಲ್ಲಿ ಕೂತಿದ್ದ ಇನ್‌ಸ್ಟ್ರಕ್ಟರ್ "ಈಗ ಬ್ರೇಕ್" ಎಂದು ಕೂಗಿದ್ದರಿಂದ.

1927ರಲ್ಲಿ ಶುರುವಾದ ಟ್ರ್ಯಾಕ್ ಇದು. ಬೆಟ್ಟದ ಮೈ ಹೇಗಿದೆಯೋ ಹಾಗೇ ರಸ್ತೆಯೂ ಹೋಗುತ್ತದೆ. ರೇಸ್ ಚಾಲಕ ಜಾಕಿ ಸ್ಟೀವರ್ಟ್ ಇದಕ್ಕೆ ಹಸಿರು ನರಕ ಎಂದು ಹೆಸರಿಟ್ಟದ್ದು ಸುಮ್ನೆ ಅಲ್ಲ. 1976ರ ಆಗಸ್ಟ್ 1ರಂದು ಫಾರ್ಮುಲಾ 1 ರೇಸಿನಲ್ಲಿ ಚಾಲಕ ನಿಕಿ ಲೌಡಾ ಬೆರ್ಗ್‌ವೆರ್ಕ್ ತಿರುವಿನ ಹತ್ತಿರ ಬೆಂಕಿಯಲ್ಲಿ ಸಿಕ್ಕಿಕೊಂಡರು. ಆ ಮೇಲೆ ಫಾರ್ಮುಲಾ 1 ಈ ಉದ್ದದ ಟ್ರ್ಯಾಕ್‌ಗೆ ಮತ್ತೆ ಬರಲಿಲ್ಲ. ಆ ಜಾಗ ದಾಟುವಾಗ ನಾನು ಮಾತು ನಿಲ್ಲಿಸಿದೆ. ಅಲ್ಲಿಂದ ಮುಂದೆ ಉದ್ದಕ್ಕೂ ಏರು. ಕೊನೆಗೆ ಕರುಸೆಲ್ ಬರುತ್ತದೆ. ಕಾಂಕ್ರೀಟಿನ ಬಾಗಿದ ತೊಟ್ಟಿಯೊಳಗೆ ಚಕ್ರ ಇಳಿಸಿದಂತೆ. ಕಾರು ಗಡಗಡ ನಡುಗುತ್ತದೆ. ಸ್ಟೇರಿಂಗ್ ಬಿಗಿಯಾಗಿ ಹಿಡಿದಷ್ಟೂ ಕಷ್ಟ. ಕೈ ಸಡಿಲ ಬಿಟ್ಟರೆ ತೊಟ್ಟಿಯೇ ಕಾರನ್ನು ತಿರುಗಿಸುತ್ತದೆ.

ಸಾರ್ವಜನಿಕರಿಗೆ ತೆರೆದಿರುವ ಹೊತ್ತಿನಲ್ಲಿ ಅದು ಸುಂಕ ಕೊಟ್ಟು ಹೋಗುವ ಒಂದೇ ದಿಕ್ಕಿನ ರಸ್ತೆ ಎಂದು ತಿಳಿಯಿರಿ. ರಸ್ತೆಯ ನಿಯಮಗಳೇ ಅಲ್ಲಿಯೂ ನಡೆಯುತ್ತವೆ. ಬಲಕ್ಕೆ ಇರಬೇಕು, ಎಡದಿಂದ ಮಾತ್ರ ಮುಂದೆ ಹೋಗಬೇಕು. ಸಮಯ ಅಳೆಯುವಂತಿಲ್ಲ. ಹಿಂದಿನಿಂದ ವೇಗದ ಕಾರು ಬಂದರೆ ಬಲಗಡೆಯ ಇಂಡಿಕೇಟರ್ ಹಾಕಿ ದಾರಿ ಬಿಡಿ. ನನ್ನ ಅರ್ಧ ಗಮನ ಕನ್ನಡಿಯ ಮೇಲೇ ಇತ್ತು. ಇದು ಮೊದಲೇ ಗೊತ್ತಿರಲಿ. ಆದರೂ ಮತ್ತೆ ಹೋಗುವುದಾದರೆ ನಾನು ಅಲ್ಲಿಗೇ ಹೋಗುವುದು.

ಎರಡನೆಯ ಉತ್ತರ

ಮೇಲೆ ಬರೆದವರ ಪ್ರೀತಿ ಅರ್ಥವಾಗುತ್ತದೆ. ನನಗೂ ಆ ಟ್ರ್ಯಾಕ್ ಇಷ್ಟ. ಆದರೆ ಒಂದೇ ಸಲ ಹೋಗುವವರಿಗೆ ನಾನು ಸ್ಪಾ ಅನ್ನುತ್ತೇನೆ. ಕಾರಣ ಲೆಕ್ಕದಲ್ಲೇ ಇದೆ. ನಾರ್ಡ್‌ಶ್ಲೈಫದಲ್ಲಿ ಇಡೀ ದಿನ ಓಡಿಸಿದರೂ ನನಗೆ ಎಂಟು ಸುತ್ತು ಸಿಕ್ಕಿತು. ಅಂದರೆ ಒಂದೊಂದು ತಿರುವನ್ನು ಎಂಟೇ ಸಲ ನೋಡಿದ್ದು. ಸ್ಪಾ 7.004 ಕಿಲೋಮೀಟರ್. ಒಂದು ಟ್ರ್ಯಾಕ್ ಡೇಯಲ್ಲಿ ಮೂವತ್ತಕ್ಕೂ ಜಾಸ್ತಿ ಸುತ್ತು ಓಡಿಸಿದೆ. ಬೆಳಿಗ್ಗೆ ಹೆದರಿಸಿದ ತಿರುವು ಸಂಜೆಗೆ ಗೆಳೆಯನಾಗಿತ್ತು. ಕಲಿಯುವ ಆ ಸುಖ ಬೇಕು ಅಂದರೆ ಒಂದೇ ತಿರುವಿಗೆ ಮತ್ತೆ ಮತ್ತೆ ಬರಬೇಕು, ಅಲ್ವಾ?

ಎಲ್ಲರೂ ಕೇಳುವುದು ಓ ರೂಜ್ ಬಗ್ಗೆ. ಅದು ಕೆಳಗಿನ ಎಡ ತಿರುವಿನ ಹೆಸರು ಮಾತ್ರ. ಅಲ್ಲಿ ಹರಿಯುವ ತೊರೆಯಿಂದ ಬಂದದ್ದು. ಬೆಟ್ಟ ಹತ್ತುವ ಭಾಗ ರೆಡಿಯೋ. ಲಾ ಸೂರ್ಸ್ ಎಂಬ ಮೊದಲ ತಿರುವು ತಿರುಗಿ ಇಳಿದು ಬರುವಾಗ ಎದುರಿಗೆ ರಸ್ತೆ ಗೋಡೆಯ ಹಾಗೆ ಎದ್ದು ನಿಂತಿರುತ್ತದೆ. ಟಿವಿಯಲ್ಲಿ ನೋಡಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ತಳದಲ್ಲಿ ಕಾರು ನೆಲಕ್ಕೆ ಒತ್ತುತ್ತದೆ, ಹಿಡಿತ ಚೆನ್ನಾಗಿರುತ್ತದೆ. ತುದಿಯಲ್ಲಿ ಕಾರು ಹಗುರಾಗುತ್ತದೆ, ಮುಂದಿನ ರಸ್ತೆ ಕಾಣುವುದಿಲ್ಲ. ಹೆದರಿ ಅಲ್ಲಿ ಆಕ್ಸಿಲರೇಟರ್‌ನಿಂದ ಥಟ್ಟನೆ ಕಾಲು ತೆಗೆದರೆ ಭಾರವೆಲ್ಲ ಮುಂದಿನ ಚಕ್ರಕ್ಕೆ ಬಂದು ಹಿಂಭಾಗ ಜಾರುತ್ತದೆ. ಹಾಗಾಗಿ ನಿಧಾನ ಮಾಡುವುದಿದ್ದರೆ ಕೆಳಗೇ, ಕಾರು ನೇರ ಇರುವಾಗಲೇ ಮಾಡಿ. ಆಮೇಲೆ ಒಂದೇ ಸಮನೆ ಹತ್ತಿಸಿ. ನಾನು ಮೊದಲ ಹತ್ತು ಸುತ್ತು ಅಲ್ಲಿ ತುಂಬಾ ನಿಧಾನಕ್ಕೆ ಹೋದೆ. ಅದಕ್ಕೆ ನನಗೆ ಬೇಸರವಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಪೂಓ. ಎಡಕ್ಕೆ ಇಳಿಯುತ್ತಾ ಹೋಗುವ ಉದ್ದನೆಯ ಜೋಡಿ ತಿರುವು. ಸ್ಟೇರಿಂಗ್ ತಿರುಗಿಸಿ ಕಾಯಬೇಕು. ಕೈ ಕದಲಿಸಬಾರದು. ಒಂದು ಸಲ ಸರಿಯಾಗಿ ಆಯಿತು. ಕಾರು ಹಳಿಯ ಮೇಲೆ ಹೋದ ಹಾಗೆ ಹೋಯಿತು. ಆ ಒಂದು ಸಲಕ್ಕಾಗಿ ಮತ್ತೆ ಹೋಗುತ್ತೇನೆ.

ಮಳೆಯ ವಿಷಯ. ಆರ್ಡೆನ್ ಕಾಡಿನ ಹವೆ ಗಳಿಗೆಗೊಂದು ಥರ. ಪಿಟ್ (ಕಾರು ನಿಲ್ಲಿಸುವ ಜಾಗ) ಹತ್ತಿರ ಬಿಸಿಲು ಇರುತ್ತದೆ, ಟ್ರ್ಯಾಕ್‌ನ ಆಚೆ ತುದಿಯ ಸ್ಟಾವೆಲೋ ಕಡೆ ರಸ್ತೆ ನೆನೆದಿರುತ್ತದೆ. ಪ್ರತಿ ಸುತ್ತಿನಲ್ಲೂ ರಸ್ತೆಯ ಬಣ್ಣ ನೋಡುತ್ತಿರಿ.

ಮೂರನೆಯ ಉತ್ತರ

ಸುಜುಕಾ ಬಗ್ಗೆ ಯಾರೂ ಬರೆದಿಲ್ಲವಲ್ಲ. 1962ರಲ್ಲಿ ಹೋಂಡಾ ಕಟ್ಟಿಸಿದ್ದು. ನಕ್ಷೆ ಹಾಕಿದವರು ಡಚ್ಚರಾದ ಜಾನ್ ಹ್ಯೂಗೆನ್‌ಹೋಲ್ಟ್ಸ್. ಉದ್ದ 5.807 ಕಿಲೋಮೀಟರ್. ಎಂಟರ ಆಕಾರದಲ್ಲಿದೆ, ಟ್ರ್ಯಾಕ್ ತನ್ನ ಮೇಲೇ ಸೇತುವೆಯಾಗಿ ಹಾಯುತ್ತದೆ. ಹಾಗಾಗಿ ಎಡ ಟೈರು, ಬಲ ಟೈರು ಎರಡೂ ಹೆಚ್ಚುಕಡಿಮೆ ಸಮನಾಗಿ ಸವೆಯುತ್ತವೆ.

ನಾನು ಓಡಿಸಿದ್ದು ಅರ್ಧ ದಿನ. ಮೊದಲ ಭಾಗದ ಎಸ್ ತಿರುವುಗಳು ಒಂದು ತಾಳದ ಹಾಗೆ. ಮೊದಲನೆಯದಕ್ಕೆ ಚೂರು ಜಾಸ್ತಿ ವೇಗದಲ್ಲಿ ಹೋದೆ ಅಂದುಕೊಳ್ಳಿ. ಎರಡನೆಯದಕ್ಕೆ ತಡವಾಯಿತು, ಮೂರನೆಯದಕ್ಕೆ ಇನ್ನೂ ತಡ. ತಪ್ಪು ಬೆಳೆಯುತ್ತಲೇ ಹೋಗುತ್ತದೆ. ಮೊದಲನೆಯದರಲ್ಲಿ ಸ್ವಲ್ಪ ಬಿಟ್ಟುಕೊಟ್ಟರೆ ಉಳಿದದ್ದೆಲ್ಲ ತಾನಾಗಿ ಕೂಡಿಬರುತ್ತದೆ. ಓಡಿಸುವ ಕಲೆಯನ್ನು ಇಷ್ಟು ಚೆನ್ನಾಗಿ ಕಲಿಸುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ. ಕೊನೆಯ ಶಿಕೇನ್‌ನಲ್ಲಿ (ವೇಗ ತಗ್ಗಿಸಲು ಹಾಕಿದ ಅಂಕುಡೊಂಕು ತಿರುವು) 1989ರಲ್ಲಿ ಫಾರ್ಮುಲಾ 1 ಚಾಲಕರಾದ ಸೆನ್ನಾ, ಪ್ರಾಸ್ಟ್ ಇಬ್ಬರೂ ಡಿಕ್ಕಿ ಹೊಡೆದುಕೊಂಡರಲ್ಲ, ಅಲ್ಲಿ ಬ್ರೇಕ್ ಹಾಕುವಾಗ ಪ್ರತಿ ಸಲವೂ ಅದೇ ನೆನಪಾಗುತ್ತಿತ್ತು. ಅಲ್ಲಿಯ ಭಾಷೆ ಬಲ್ಲವರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಬೆಳಗಿನ ಸೂಚನೆಗಳು ಒಂದೂ ತಪ್ಪಬಾರದು.

ನಾಲ್ಕನೆಯ ಉತ್ತರ

ನನ್ನ ಮಾತು ಸ್ವಲ್ಪ ಬೇರೆ. ಕನಸಿನ ಟ್ರ್ಯಾಕ್ ಅಂದರೆ ವೇಗವಾಗಿಯೇ ಓಡಿಸಬೇಕು ಅಂತೇನೂ ಇಲ್ಲ. ಆಸ್ಟ್ರೇಲಿಯಾದ ಬಾಥರ್ಸ್ಟ್‌ನಲ್ಲಿ ಮೌಂಟ್ ಪನೋರಮಾ ಇದೆ. ರೇಸ್ ಇಲ್ಲದ ದಿನಗಳಲ್ಲಿ ಅದು ಊರಿನ ರಸ್ತೆ. ಎರಡೂ ಕಡೆಯಿಂದ ವಾಹನ ಬರುತ್ತವೆ. ವೇಗದ ಮಿತಿ ಗಂಟೆಗೆ 60 ಕಿಲೋಮೀಟರ್. ಟ್ರ್ಯಾಕ್ ಪಕ್ಕದಲ್ಲೇ ಜನರ ಮನೆಗಳಿವೆ. ಯಾರು ಬೇಕಾದರೂ ಯಾವ ಕಾರಿನಲ್ಲಿ ಬೇಕಾದರೂ ಹೋಗಬಹುದು.

ನಾನು ನನ್ನ ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದೆ. ಅಲ್ಲಿ ನಡೆಯುವ 1,000 ಕಿಲೋಮೀಟರ್ ರೇಸನ್ನು ಅವರು ವರ್ಷಾನುಗಟ್ಟಲೆ ಟಿವಿಯಲ್ಲಿ ನೋಡಿದವರು. 6.213 ಕಿಲೋಮೀಟರ್ ಸುತ್ತಿನಲ್ಲಿ 174 ಮೀಟರ್ ಏರಿ ಇಳಿಯಬೇಕು. ಬೆಟ್ಟದ ಮೇಲಿನ ಸ್ಕೈಲೈನ್ ತಿರುವು ದಾಟಿದ ಕೂಡಲೇ ರಸ್ತೆ ಕೆಳಗೆ ಬೀಳುತ್ತದೆ. ಎರಡೂ ಬದಿ ಗೋಡೆ. ಅರವತ್ತರಲ್ಲೇ ನನ್ನ ಕೈ ಬೆವರಿತು. ಇದೇ ಜಾಗದಲ್ಲಿ ರೇಸಿನವರು ಗೋಡೆಗೆ ಒರಗಿದಂತೆ ಹೋಗುತ್ತಾರೆ ಎಂಬುದನ್ನು ಆಗ ನಂಬಲಾಗಲಿಲ್ಲ. ತಂದೆ ಕಾನ್ರಾಡ್ ಸ್ಟ್ರೇಟ್ ಎಂಬ ನೇರ ರಸ್ತೆ ಬರುವವರೆಗೂ ಒಂದು ಮಾತೂ ಆಡಲಿಲ್ಲ. ಆಮೇಲೆ "ಇನ್ನೊಂದು ಸುತ್ತು ಹೋಗೋಣವಾ?" ಎಂದರು. ಐದು ಸುತ್ತು ಹೋದೆವು.

ಹೀಗೇ ಫ್ರಾನ್ಸಿನ ಲೆ ಮಾನ್ಸ್ ಕೂಡ. 24 ಗಂಟೆಯ ರೇಸ್ ನಡೆಯುವ ಟ್ರ್ಯಾಕ್‌ನ ಬಹುಭಾಗ ಉಳಿದ ದಿನಗಳಲ್ಲಿ ಮಾಮೂಲಿ ರಸ್ತೆ. ಮುಲ್ಸಾನ್ ನೇರ ರಸ್ತೆಯಲ್ಲಿ 1988ರಲ್ಲಿ ಒಂದು ಕಾರು ಗಂಟೆಗೆ 405 ಕಿಲೋಮೀಟರ್ ಮುಟ್ಟಿತ್ತು. 1990ರಲ್ಲಿ ನಡುವೆ ಎರಡು ಶಿಕೇನ್ ಹಾಕಿದರು.

ಐದನೆಯ ಉತ್ತರ

ಲಗುನಾ ಸೆಕಾ, ಕ್ಯಾಲಿಫೋರ್ನಿಯಾ. ಅದರ ಕಾರ್ಕ್‌ಸ್ಕ್ರೂ ತಿರುವಿಗೆ ಒಮ್ಮೆ ಹೋಗಿ ಬನ್ನಿ. ಏರಿನಲ್ಲಿ ಬ್ರೇಕ್ ಹಾಕುತ್ತೀರಿ, ಎದುರಿಗೆ ಆಕಾಶ ಬಿಟ್ಟು ಏನೂ ಇಲ್ಲ. ಎಡಕ್ಕೆ ತಿರುಗಿದ ಕೂಡಲೇ ರಸ್ತೆ ಹದಿನೆಂಟು ಮೀಟರ್ ಕೆಳಗೆ ಬೀಳುತ್ತದೆ. ಬಲಕ್ಕೆ ತಿರುಗಬೇಕಾದ ಜಾಗ ಕಾಣುವ ಮೊದಲೇ ಅಲ್ಲಿಗೆ ಕಣ್ಣು ಹೋಗಿರಬೇಕು. ಆಚೆ ನಿಂತ ಮರವೊಂದನ್ನು ಗುರುತಿಗೆ ಇಟ್ಟುಕೊಳ್ಳಿ ಎಂದು ಇನ್‌ಸ್ಟ್ರಕ್ಟರ್ ಹೇಳಿದರು. ಹಾಗೇ ಮಾಡಿದೆ. 1996ರ ರೇಸಿನ ಕೊನೆಯ ಸುತ್ತಿನಲ್ಲಿ ಚಾಲಕ ಅಲೆಕ್ಸ್ ಝನಾರ್ಡಿ ಬ್ರಯಾನ್ ಹರ್ಟಾ ಅವರನ್ನು ಹಿಂದೆ ಹಾಕಿದ್ದು ಇಲ್ಲೇ. ಟ್ರ್ಯಾಕ್ ಚಿಕ್ಕದು, 3.6 ಕಿಲೋಮೀಟರ್. ಬೇಗ ಕಲಿಯಬಹುದು. ಶಬ್ದದ ಮಿತಿ ತುಂಬಾ ಬಿಗಿ, ಸೈಲೆನ್ಸರ್ ಬದಲಿಸಿದ ಕಾರು ಒಯ್ಯಬೇಡಿ.

ಪ್ರಶ್ನೆ ಕೇಳಿದವರು

ಇಷ್ಟು ಮನಸ್ಸಿಟ್ಟು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಂಟು ಸುತ್ತು, ಮೂವತ್ತು ಸುತ್ತಿನ ಲೆಕ್ಕ ಓದಿದ ಮೇಲೆ ಮನಸ್ಸು ಸ್ಪಾ ಕಡೆ ವಾಲಿದೆ. ಆದರೆ ನಾರ್ಡ್‌ಶ್ಲೈಫ ಬಿಡಲೂ ಮನಸ್ಸಿಲ್ಲ. ಇನ್ನೊಂದು ಪ್ರಶ್ನೆ. ಕಾರು ಬಾಡಿಗೆಗೆ ತೆಗೆದುಕೊಳ್ಳುವಾಗ ಏನೇನು ನೋಡಬೇಕು?

ಮೊದಲ ಉತ್ತರ ಬರೆದವರು ಮತ್ತೆ

ಮಾಮೂಲಿ ಬಾಡಿಗೆ ಕಾರನ್ನು ಟ್ರ್ಯಾಕ್‌ಗೆ ಒಯ್ಯಲೇಬೇಡಿ. ಕರಾರಿನಲ್ಲಿ ಅದಕ್ಕೆ ಅವಕಾಶ ಇರುವುದಿಲ್ಲ. ಟ್ರ್ಯಾಕ್‌ಗೆಂದೇ ಸಿದ್ಧ ಮಾಡಿದ ಕಾರು ಕೊಡುವವರು ಅಲ್ಲೇ ಇದ್ದಾರೆ. ಅವರ ಹತ್ತಿರವೂ ಮೂರು ಮಾತು ಬಾಯಿಬಿಟ್ಟು ಕೇಳಿ. ಕಾರಿಗೆ ಪೆಟ್ಟಾದರೆ ನಾನು ಎಲ್ಲಿಯವರೆಗೆ ಹೊಣೆ? ಬದಿಯ ಕಬ್ಬಿಣದ ತಡೆಗೋಡೆ ಬಗ್ಗಿದರೆ ಅದರ ಖರ್ಚು ಯಾರದು? ಕಾರು ಎಳೆದು ತರುವುದು ಯಾರ ಲೆಕ್ಕ? ನಾರ್ಡ್‌ಶ್ಲೈಫದಲ್ಲಿ ಇವೆಲ್ಲ ಓಡಿಸಿದವರ ತಲೆಗೇ ಬರುತ್ತವೆ. ನನ್ನ ಪಕ್ಕ ಪಾರ್ಕ್ ಮಾಡಿದ್ದ ಹುಡುಗ ಎರಡನೇ ಸುತ್ತಿನಲ್ಲೇ ಗೋಡೆಗೆ ತಾಗಿಸಿದ. ಅವನಿಗೆ ಏನೂ ಆಗಲಿಲ್ಲ. ಆದರೆ ಕಾಗದಪತ್ರದ ಮುಂದೆ ಕೂತ ಅವನ ಮುಖ ಇನ್ನೂ ಕಣ್ಣಮುಂದೆ ಇದೆ.

ಜಾಸ್ತಿ ಶಕ್ತಿಯ ಕಾರು ಬೇಡ. ಚಿಕ್ಕ ಕಾರು, ಒಳ್ಳೆಯ ಟೈರು, ಹೊಸ ಬ್ರೇಕ್ ಆಯಿಲ್ ಸಾಕು. ಹಳೆಯ ಬ್ರೇಕ್ ಆಯಿಲ್‌ನಲ್ಲಿ ನೀರಿನ ಅಂಶ ಸೇರಿರುತ್ತದೆ. ಕಾದಾಗ ಕುದಿದು ಗುಳ್ಳೆಯಾಗುತ್ತದೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ನಾರ್ಡ್‌ಶ್ಲೈಫದ ತಗ್ಗಿನ ಬ್ರೈಡ್‌ಶೈಡ್ ಕಡೆ ಇಳಿಯುವಾಗ ನನಗೆ ಹೀಗಾಗಿತ್ತು. ಪೆಡಲ್ ಚೂರು ಬದಲಾದರೂ ಆ ಸುತ್ತು ನಿಧಾನಕ್ಕೆ ಮುಗಿಸಿ ಹೊರಗೆ ಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರ್‌ನಲ್ಲಿ ಬಿಡಿ. ಟೈರಿನ ಗಾಳಿಯನ್ನು ಬಿಸಿ ಇರುವಾಗಲೇ ನೋಡಿ, ಓಡಿದಂತೆ ಒತ್ತಡ ಏರುತ್ತದೆ.

ಎರಡನೆಯ ಉತ್ತರ ಬರೆದವರು ಮತ್ತೆ

ಎರಡನ್ನೂ ಮಾಡಬಹುದಲ್ಲ. ಸ್ಪಾದಿಂದ ನೂರ್ಬರ್ಗ್‌ರಿಂಗ್‌ಗೆ ಸುಮಾರು ಒಂದೂವರೆ ಗಂಟೆಯ ದಾರಿ. ಸ್ಪಾದಲ್ಲಿ ಎರಡು ದಿನ ಟ್ರ್ಯಾಕ್ ಡೇ ಮಾಡಿ. ನಡುವೆ ಒಂದು ದಿನ ಸುಮ್ಮನಿರಿ, ಕುತ್ತಿಗೆ ಮತ್ತು ಕೈಗೆ ಅದು ಬೇಕಾಗುತ್ತದೆ. ಆಮೇಲೆ ನಾರ್ಡ್‌ಶ್ಲೈಫದಲ್ಲಿ ಇನ್‌ಸ್ಟ್ರಕ್ಟರ್ ಓಡಿಸುವ ಕಾರಿನಲ್ಲಿ ಪಕ್ಕ ಕೂತು ಒಂದು ಸುತ್ತು, ನೀವೇ ಓಡಿಸಿ ಮೂರು ಸುತ್ತು. ಮೂರಕ್ಕೆ ನಿಲ್ಲಿಸಿ. ನಾಲ್ಕನೆಯದಕ್ಕೆ ಧೈರ್ಯ ಬಂದಿರುತ್ತದೆ, ರಸ್ತೆ ಇನ್ನೂ ತಿಳಿದಿರುವುದಿಲ್ಲ. ಟಿಕೆಟ್ ತೆಗೆಯುವ ಮೊದಲು ಎರಡೂ ಕಡೆಯ ಕ್ಯಾಲೆಂಡರ್ ನೋಡಿ. ರೇಸ್, ಕಾರು ಪರೀಕ್ಷೆ ಅಂತ ಮುಚ್ಚಿರುವ ದಿನಗಳು ಬಹಳ. ಚಳಿಗಾಲದಲ್ಲಿ ಹೋಗಲೇಬೇಡಿ.

ಇನ್ನೊಂದು. 1979ಕ್ಕಿಂತ ಮೊದಲು ಸ್ಪಾ ಟ್ರ್ಯಾಕ್ ಈಗಿನದರ ಎರಡರಷ್ಟು ಉದ್ದ ಇತ್ತು. ಮಾಲ್ಮೆಡಿ, ಸ್ಟಾವೆಲೋ ಕಡೆ ಹೋಗುವ ಆ ಹಳೆಯ ರಸ್ತೆ ಈಗಲೂ ಇದೆ, ಎಲ್ಲರೂ ಓಡಾಡುತ್ತಾರೆ. ಸ್ಪಾದ ಎರಡನೇ ದಿನ ಮುಗಿದ ಸಂಜೆ ಆ ದಾರಿಯಲ್ಲೇ ಹೋಗಿ. ಮಾಸ್ಟಾ ಎಂಬಲ್ಲಿ ರಸ್ತೆ ಮನೆಗಳ ಪಕ್ಕದಲ್ಲೇ ಚೂರು ಎಡಕ್ಕೆ, ಚೂರು ಬಲಕ್ಕೆ ತಿರುಗುತ್ತದೆ. ಅಲ್ಲಿ ಕಾರು ಬದಿಗೆ ನಿಲ್ಲಿಸಿ ಐದು ನಿಮಿಷ ನೋಡಿ.

ಪ್ರಶ್ನೆ ಕೇಳಿದವರು

ಹೀಗೇ ಮಾಡುತ್ತೇನೆ. ಸ್ಪಾ ಎರಡು ದಿನ, ನಾರ್ಡ್‌ಶ್ಲೈಫ ಮೂರು ಸುತ್ತು. ನನ್ನ ತಂದೆಯನ್ನೂ ಕರೆದುಕೊಂಡು ಹೋಗುತ್ತೇನೆ. ಮಾಸ್ಟಾ ರಸ್ತೆಯಲ್ಲಿ ಅವರೇ ಓಡಿಸಲಿ.