ಸಹಾಯ ಬೇಕು: ಶಾಲೆ ವರದಿಯಲ್ಲಿ ಅರ್ಕಾವೊತ್ತು ಕೆಡ್ತಿದೆ

ನಮಸ್ಕಾರ ಎಲ್ರಿಗೂ. ನಮ್ದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಏಪ್ರಿಲ್ 10ಕ್ಕೆ ರಿಸಲ್ಟ್, ಅವತ್ತೇ ಏಳನೇ ಕ್ಲಾಸಿನವರ ಬೀಳ್ಕೊಡುಗೆ. ಪ್ರತಿಭಾ ಕಾರಂಜಿ ಬಹುಮಾನ, ಮಕ್ಕಳೇ ಬೆಳೆದು ಬಿಸಿಯೂಟಕ್ಕೆ ಕೊಟ್ಟ ನುಗ್ಗೆಸೊಪ್ಪು, ಹೀಗೆ ವರ್ಷದ ಸುದ್ದಿಯೆಲ್ಲ ಹೆಡ್‌ಮೇಷ್ಟ್ರು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಟ್ಟಿದಾರೆ, 12 ಪುಟ. ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕೋಣ ಅಂತ ಕಾಪಿ ಮಾಡಿದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತೆ. ನುಡಿ ಅಕ್ಷರಾನ ಯೂನಿಕೋಡ್‌ಗೆ (ಎಲ್ಲಾ ಮೊಬೈಲಲ್ಲೂ ಸರಿಯಾಗಿ ಕಾಣೋ ಅಕ್ಷರಕ್ಕೆ) ಬದಲಾಯಿಸೋ ಕನ್ವರ್ಟರ್‌ಗೆ ಹಾಕಿದೆ, ಉಳಿದಿದ್ದೆಲ್ಲ ಸರಿ ಬಂತು ಆದ್ರೆ ಅರ್ಕಾವೊತ್ತು ಮಾತ್ರ ಜಾಗ ಬದಲಾಯಿಸ್ತಿದೆ, ಕರ್ನಾಟಕ ಹೋಗಿ ಕನಾರ್ಟಕ, ವರ್ಷ ಹೋಗಿ ವಷರ್. ಮಕ್ಕಳ ಹೆಸರೂ ಹಂಗೇ ಆಗಿದೆ, ಒಂದು ಹುಡುಗಿ ನನ್ ಹೆಸರು ಬಂದಿದ್ಯಾ ಮಿಸ್ ಅಂತ ದಿನಾ ಕೇಳ್ತಾಳೆ, ತಪ್ಪಾಗಿ ಹೆಂಗೆ ತೋರಿಸ್ಲಿ. ಪಿಡಿಎಫ್ ಮಾಡಿ ಹಾಕೋಣ ಅಂದ್ರೆ ಮೊಬೈಲಲ್ಲಿ ತುಂಬಾ ಸಣ್ಣದಾಗಿ ಕಾಣುತ್ತೆ, ಅಜ್ಜಿಯರಿಗೆ ಓದಕ್ಕಾಗಲ್ಲ. ಅರ್ಕಾವೊತ್ತು ಕೆಡದ ಹಾಗೆ ಯೂನಿಕೋಡ್‌ಗೆ ಬದಲಾಯಿಸೋದು ಹೇಗೆ, ಯಾರಾದ್ರೂ ಮಾಡಿದೀರಾ?