ಗ್ಯಾಸ್ ಬ್ರೂಡರ್ ಹಾಕಿದ್ರೂ ಗ್ಲಾಡಿಯೋಲಸ್ ಗೆಡ್ಡೆ ಒಣಗ್ತಿಲ್ಲ, ಬೂಷ್ಟು ಹಿಡೀತಿದೆ

ರಾಜಾನುಕುಂಟೆ_ಹೂತೋಟ:
ನಮಸ್ಕಾರ. ಅರ್ಧ ಎಕರೆ ಗ್ಲಾಡಿಯೋಲಸ್ ಹೂವಿನ ಗಿಡ ಕಿತ್ತಿದ್ದೀವಿ, 40 ಕ್ರೇಟ್ ಗೆಡ್ಡೆ. ಪ್ರತಿ ಸಲ ಅಂಗಳದ ನೆರಳಲ್ಲೇ ಹರಡಿ ಒಣಗಿಸ್ತಿದ್ದೆ. ಈ ಸಲ ಮಳೆ ಬಿಡ್ತಾನೇ ಇಲ್ಲ. ಅದಕ್ಕೆ ನಮ್ಮ ಹಳೇ ರೇಷ್ಮೆ ಹುಳು ಮನೆಯಲ್ಲಿ (20x15 ಅಡಿ, 10 ಅಡಿ ಎತ್ತರ, ಶೀಟ್ ಛಾವಣಿ) ಕ್ರೇಟ್ ಜೋಡಿಸಿ, ಕೋಳಿ ಫಾರಂನವರ ಹತ್ರ ಸೆಕೆಂಡ್‌ಹ್ಯಾಂಡ್ ಗ್ಯಾಸ್ ಬ್ರೂಡರ್ (ಕೋಳಿಮರಿಗೆ ಕಾವು ಕೊಡೋ ಗ್ಯಾಸ್ ಒಲೆ) ತಂದು ಹಚ್ಚಿದೆ. ಶಾಖ ಹೋಗಬಾರದು ಅಂತ ಕಿಟಕಿಯ ಊಜಿ ಬಲೆ (ರೇಷ್ಮೆ ಹುಳುವಿಗೆ ಕಾಟ ಕೊಡೋ ಊಜಿ ನೊಣ ತಡೆಯೋ ಬಲೆ) ಮೇಲೆ ಪ್ಲಾಸ್ಟಿಕ್ ಹೊಡೆದಿದ್ದೀನಿ. ಥರ್ಮಾಮೀಟರ್ 34 ತೋರಿಸ್ತಿದೆ. ಮೂರು ದಿನಕ್ಕೆ ಒಂದು 19 ಕೆ.ಜಿ. ಸಿಲಿಂಡರ್ ಖಾಲಿ.

ಆದ್ರೂ ಗೆಡ್ಡೆ ಮುಟ್ಟಿದ್ರೆ ತಣ್ಣಗೆ, ಹಸಿ. ಬೇರಿನ ಕಡೆ ನೀಲಿ-ಹಸಿರು ಬೂಷ್ಟು ಶುರುವಾಗಿದೆ. ಬೆಳಿಗ್ಗೆ ಬಾಗಿಲು ತೆಗೆದ್ರೆ ಶೀಟಿಂದ ತಲೆ ಮೇಲೆ ಹನಿ ಬೀಳುತ್ತೆ. ಶಾಖ ಸಾಲ್ತಿಲ್ವಾ? ಎರಡನೇ ಬ್ರೂಡರ್ ತರಬೇಕಾ? ರಾತ್ರಿ ಅಲ್ಲೇ ಮಲಗೋ ಹುಡುಗ ಬೇರೆ ಬೆಳಿಗ್ಗೆ ತಲೆನೋವು ಅಂತಾನೆ, ಕೆಲಸಕ್ಕೆ ಬರಲ್ಲ.

ಮಾಲೂರು_ಗುಲಾಬಿ:
ಶಾಖ ಕಮ್ಮಿ ಆಯ್ತು ಸಾರ್. 45 ಇಡಿ, ಎರಡೇ ದಿನದಲ್ಲಿ ಗರಿಗರಿ ಆಗುತ್ತೆ. ನಾವು ಮೆಣಸಿನಕಾಯಿಗೆ ಹಾಗೇ ಮಾಡೋದು.

ಕೆರೆದಂಡೆ:
ಮಾಲೂರು ಸಾರ್, ಮೆಣಸಿನಕಾಯಿ ಸತ್ತ್ರೂ ಮಾರಬಹುದು, ಗೆಡ್ಡೆ ಮುಂದಿನ ಬೆಳೆಗೆ ಮೊಳೀಬೇಕು. ಇದು ಜೀವ ಇರೋ ವಸ್ತು. 27ರಿಂದ 30 ಸಾಕು, 35 ದಾಟಿಸಬೇಡಿ.

ರಾಜಾನುಕುಂಟೆಯವರೇ, ಮೊದಲು ನೀವು ಕೊನೇಲಿ ಬರೆದ ಮಾತಿಗೆ ಬರ್ತೀನಿ. ಇವತ್ತು ರಾತ್ರಿಯಿಂದ ಆ ಹುಡುಗನನ್ನ ಅಲ್ಲಿ ಮಲಗಿಸಬೇಡಿ. ಮುಚ್ಚಿದ ಕೋಣೆ, ಉರಿಯೋ ಗ್ಯಾಸ್, ಬೆಳಿಗ್ಗೆ ತಲೆನೋವು ಅಂದ್ರೆ ಅದು ಕಾರ್ಬನ್ ಮೊನಾಕ್ಸೈಡ್ ಇರಬಹುದು. ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಮನುಷ್ಯ ಹೋಗಿಬಿಡ್ತಾನೆ. ಅವನನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಗ್ಯಾಸ್ ಉರಿಯೋ ಕೋಣೆಯಲ್ಲಿ ಮಲಗ್ತಿದ್ದ ಅಂತ ಬಾಯಿಬಿಟ್ಟು ಹೇಳಿ. ಬ್ರೂಡರ್ ಆರಿಸಿ, ಪ್ಲಾಸ್ಟಿಕ್ ಕಿತ್ತಾಕಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ರಾಜಾನುಕುಂಟೆ_ಹೂತೋಟ:
ಅಯ್ಯೋ, ಇದು ಹೊಳೆದೇ ಇರಲಿಲ್ಲ. ಮಧ್ಯಾಹ್ನವೇ ಆರಿಸಿದೆ. ಹುಡುಗನನ್ನ ತೋರಿಸ್ಕೊಂಡು ಬಂದೆ, ಈಗ ಆರಾಮಾಗಿದ್ದಾನೆ, ಮನೆಗೆ ಕಳಿಸಿದೆ. ಉರಿ ಹಳದಿಯಾಗೇ ಇತ್ತು, ಬ್ರೂಡರ್ ಅಂದ್ರೆ ಹಾಗೇ ಅಂದ್ಕೊಂಡಿದ್ದೆ.

ಕೆರೆದಂಡೆ:
ಒಳ್ಳೇದಾಯ್ತು. ಬ್ರೂಡರಿನ ಪಿಂಗಾಣಿ ಬಿಲ್ಲೆ ಕೆಂಡದ ಥರ ಒಂದೇ ಸಮ ಕೆಂಪಾಗಬೇಕು. ಹಳದಿ ನಾಲಿಗೆ ಎದ್ರೆ ಗಾಳಿ ಸಾಲ್ತಿಲ್ಲ, ಗ್ಯಾಸ್ ಪೂರ್ತಿ ಉರೀತಿಲ್ಲ ಅಂತ. ಕೋಳಿ ಫಾರಂನಿಂದ ಬಂದಿದ್ದಲ್ವಾ, ಗಾಳಿ ಎಳೆಯೋ ತೂತಲ್ಲಿ ಪುಕ್ಕ, ಧೂಳು ಕೂತಿರುತ್ತೆ. ಗ್ಯಾಸ್ ರಿಪೇರಿಯವರ ಹತ್ರ ಕ್ಲೀನ್ ಮಾಡಿಸಿ. ನೀವೇ ತಂತಿ ಹಾಕಿ ಗ್ಯಾಸ್ ಬರೋ ಜೆಟ್ ಕೆದಕಬೇಡಿ, ತೂತು ದೊಡ್ಡದಾದ್ರೆ ಇನ್ನೂ ಕೆಡುತ್ತೆ.

ಈಗ ಒಣಗದೇ ಇರೋ ವಿಷಯ. ಗ್ಯಾಸ್ ಉರಿದ್ರೆ ಶಾಖದ ಜೊತೆ ನೀರೂ ಹುಟ್ಟುತ್ತೆ. ಒಂದು ಕೆ.ಜಿ. ಎಲ್‌ಪಿಜಿ ಉರಿದ್ರೆ ಸುಮಾರು 1.6 ಕೆ.ಜಿ. ನೀರಾವಿ. ನಿಮ್ಮ 19 ಕೆ.ಜಿ. ಸಿಲಿಂಡರ್ ಮೂರು ದಿನದಲ್ಲಿ ಸುಮಾರು 30 ಲೀಟರ್ ನೀರನ್ನ ಕೋಣೆಗೆ ಬಿಟ್ಟಿದೆ. ಎರಡು ಬಿಂದಿಗೆ ನೀರು ಅಂತಿಟ್ಕೊಳ್ಳಿ. 32 ಡಿಗ್ರಿಯಲ್ಲಿ ಅಷ್ಟು ಕೋಣೆಯ ಗಾಳಿ ಹಿಡಿಯೋದೇ ಮೂರು ಲೀಟರ್ ಒಳಗೆ. ಮಿಕ್ಕಿದ್ದು ಎಲ್ಲಿಗೆ ಹೋಗಬೇಕು? ಶೀಟಿಗೆ, ಗೋಡೆಗೆ, ಗೆಡ್ಡೆಗೆ. ಗೆಡ್ಡೆ ಬಿಡೋ ನೀರು ಇದರ ಮೇಲೆ. ಎರಡನೇ ಬ್ರೂಡರ್ ತಂದ್ರೆ ಇನ್ನೆರಡು ಬಿಂದಿಗೆ ಅಷ್ಟೇ.

ಒಣಗಿಸೋದು ಗಾಳಿ, ಶಾಖ ಅಲ್ಲ. ಹೊರಗಿನ ಗಾಳಿ 22 ಡಿಗ್ರಿ, ತೇವಾಂಶ 90 ಇದ್ದಾಗ ಅದನ್ನ 32ಕ್ಕೆ ಬಿಸಿ ಮಾಡಿದ್ರೆ ತೇವಾಂಶ ತಾನಾಗೇ 50ರ ಹತ್ರಕ್ಕೆ ಇಳಿಯುತ್ತೆ. ಆ ಗಾಳಿ ಗೆಡ್ಡೆ ಸಂದಿಯಲ್ಲಿ ಹಾದು ನೀರು ಕುಡಿದು ಹೊರಗೆ ಹೋಗ್ಬೇಕು. ನೀವು ಅದೇ ಗಾಳಿಯನ್ನ ಕೂಡಿಹಾಕಿ ಬಿಸಿ ಮಾಡ್ತಿದ್ರಿ.

ಫ್ಯಾಬ್ರಿಕೇಶನ್_ಪೀಣ್ಯ:
ಕೆರೆದಂಡೆಯವರ ಲೆಕ್ಕ ಸರಿ. ಗಾಳಿ ಓಡ್ತಿದ್ರೆ ಗ್ಯಾಸಿನ ಆ ನೀರು ಲೆಕ್ಕಕ್ಕೇ ಬರಲ್ಲ. ಆದ್ರೂ ಉರಿಯನ್ನ ಗೆಡ್ಡೆ ಇರೋ ಕೋಣೆಯಿಂದ ಆಚೆ ಇಡೋದೇ ಒಳ್ಳೇದು. ಸರಿಯಾಗಿ ಉರಿಯದ ಗ್ಯಾಸಿಂದ ಎಥಿಲೀನ್ (ಹಣ್ಣು ಮಾಗಿಸೋ ಅನಿಲ) ಕೂಡ ಬರುತ್ತೆ. ಹಾಲೆಂಡಿನ ಟ್ಯುಲಿಪ್ ಬೆಳೆಗಾರರಿಗೆ ಎಥಿಲೀನ್ ಅಂದ್ರೆ ಭಯ, ಗೆಡ್ಡೆಯೊಳಗಿನ ಹೂಮೊಗ್ಗೇ ಸತ್ತುಹೋಗುತ್ತೆ. ಫ್ಯುಸೇರಿಯಂ ಅನ್ನೋ ಬೂಷ್ಟು ರೋಗ ಬಂದು ಕೊಳೆತ ಟ್ಯುಲಿಪ್ ಗೆಡ್ಡೆಯೂ ಅದನ್ನ ಬಿಡುತ್ತೆ.

ಹುಳು ಮನೆ ಮುಂದೆ ಜಗಲಿ ಇರುತ್ತಲ್ಲ, ಅಲ್ಲಿ 200 ಲೀಟರ್ ಡ್ರಮ್ ಮಲಗಿಸಿ, ಬಣ್ಣ ಎಣ್ಣೆ ಪೂರ್ತಿ ಸುಟ್ಟು ತೆಗೆದಿರೋದು. ಒಳಗೆ ಬರ್ನರ್, ಬುಡದಲ್ಲಿ ಗಾಳಿಗೆ ಬಾಯಿ, ಹೊಗೆಗೆ ಮೇಲಕ್ಕೆ ಚಿಮಣಿ ಪೈಪ್. ಡ್ರಮ್ ಸುತ್ತ ತಗಡಿನ ಹೊದಿಕೆ, ಮಧ್ಯೆ ಗೇಣು ಜಾಗ. ಆ ಜಾಗದಲ್ಲಿ ಫ್ಯಾನ್ ಗಾಳಿ ಓಡಿಸಿ ಕೋಣೆಗೆ ಬಿಡಿ. ಎದುರು ಗೋಡೆ ಮೇಲ್ಗಡೆ ಇನ್ನೊಂದು 12 ಇಂಚಿನ ಎಕ್ಸಾಸ್ಟ್. ವೆಲ್ಡಿಂಗ್ ಸಂದಿ ಬಿಡಬಾರದು, ಹೊಗೆ ಒಳಗೆ ಬಂದ್ರೆ ಕಥೆ ಮೊದಲಿಗೇ ಬಂತು. ಸಿಲಿಂಡರ್ ಬಯಲಲ್ಲಿ, ನಿಲ್ಲಿಸಿ ಇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ನೆಲದ ಹಳ್ಳದಲ್ಲಿ ನಿಲ್ಲುತ್ತೆ.

ಸೂಲಿಬೆಲೆ_ಅಕ್ಕ:
ಕ್ರೇಟಲ್ಲಿ ಎಷ್ಟು ಎತ್ತರ ತುಂಬಿದ್ದೀರ ಅಂತ ಯಾರೂ ಕೇಳ್ಲಿಲ್ಲ! ತುಂಬಾ ತುಂಬಿದ್ರೆ ಮಧ್ಯದ ಗೆಡ್ಡೆಗೆ ಗಾಳಿ ಎಲ್ಲಿಂದ? ಹುಳು ಮನೆ ಅಂದ್ರಲ್ಲ, ಅಟ್ಟದ ಮೇಲೆ ಹಳೇ ಬಿದಿರು ತಟ್ಟೆ ಇಲ್ವಾ? ಸ್ಟ್ಯಾಂಡಿಗೆ ಜೋಡಿಸಿ ಒಂದೇ ಪದರ ಹರಡಿ. ಬೂಷ್ಟು ಬಂದಿದ್ದು, ಮೆತ್ತಗಾಗಿದ್ದು ಇವತ್ತೇ ಆರಿಸಿ ಸುಟ್ಟುಬಿಡಿ, ತಿಪ್ಪೆಗೆ ಹಾಕ್ಬೇಡಿ. ನಾನಂತೂ ಕಿತ್ತ ದಿನವೇ ಲೀಟರ್‌ಗೆ 2 ಗ್ರಾಂ ಕಾರ್ಬೆಂಡಜಿಂ (ಬೂಷ್ಟಿನ ಔಷಧಿ) ನೀರಲ್ಲಿ ಅರ್ಧ ಗಂಟೆ ಅದ್ದಿ ಆಮೇಲೆ ಒಣಗಿಸೋದು. ಗ್ಲೌಸ್ ಹಾಕ್ಕೊಳ್ಳಿ.

ರಾಜಾನುಕುಂಟೆ_ಹೂತೋಟ:
ಹನ್ನೊಂದು ದಿನ ಆಯ್ತು. ತಟ್ಟೆ ಸಿಕ್ಕವು ಅಕ್ಕ, ಅಟ್ಟದ ಮೇಲೇ ಇದ್ದವು, ಅಮ್ಮ ಒಲೆಗೆ ಹಾಕೋಕೆ ಮೊದಲೇ ಇಳಿಸಿದೆ. ಮೂರು ಕ್ರೇಟ್ ಗೆಡ್ಡೆ ಸುಟ್ಟೆ, ಹೊಟ್ಟೆ ಉರೀತು. ಡ್ರಮ್ ಮಾಡಿಸಿದೆ. ತೇವಾಂಶದ ಮೀಟರನ್ನ ತಟ್ಟೆಗಳ ಮಧ್ಯೆ ಇಟ್ಟೆ, ಮೊದಲ ದಿನ 88 ಇತ್ತು, ಈಗ 55. ಶಾಖ 29. ಬಿಸಿಲು ಬಂದ ಮಧ್ಯಾಹ್ನ ಗ್ಯಾಸ್ ಆರಿಸಿ ಬರೀ ಫ್ಯಾನ್ ಬಿಡ್ತೀನಿ. ಸಾಕಷ್ಟು ಒಣಗಿದೆ ಅಂತ ತಿಳಿಯೋದು ಹೇಗೆ?

ಸೂಲಿಬೆಲೆ_ಅಕ್ಕ:
ಹೊಸ ಗೆಡ್ಡೆ ಬುಡದಲ್ಲಿ ಸುಕ್ಕಾದ ಹಳೇ ಗೆಡ್ಡೆ ಅಂಟ್ಕೊಂಡಿರುತ್ತಲ್ಲ, ಹೆಬ್ಬೆರಳಲ್ಲಿ ಪಕ್ಕಕ್ಕೆ ಒತ್ತಿ. ಟಕ್ ಅಂತ ಬಿಟ್ಟು, ಅಡಿಯಲ್ಲಿ ಒಣ ಕಲೆ ಕಂಡ್ರೆ ಆಯ್ತು. ನಾರು ಎಳೆದ್ಕೊಂಡು ಬಂದ್ರೆ, ಒದ್ದೆ ಕಂಡ್ರೆ ಇನ್ನೂ ನಾಲ್ಕು ದಿನ.

ರಾಜಾನುಕುಂಟೆ_ಹೂತೋಟ:
ಈಗಷ್ಟೇ ನೋಡಿದೆ. ಹತ್ತರಲ್ಲಿ ಎಂಟು ಟಕ್ ಅಂತು! ಇನ್ನೆರಡು ದಿನ ಬಿಟ್ಟು ಕೋಲ್ಡ್ ಸ್ಟೋರೇಜಿಗೆ ಕಳಿಸ್ತೀನಿ. ಹಣ್ಣಿನವರ ಕೋಣೆಯಲ್ಲಿ ಜಾಗ ಇದೆಯಂತೆ, ಬಾಡಿಗೆ ಕಮ್ಮಿ.

ಫ್ಯಾಬ್ರಿಕೇಶನ್_ಪೀಣ್ಯ:
ಸೇಬು ಇಟ್ಟಿರೋ ಕೋಣೆ ಬೇಡ ಗುರುವೇ. ಹಣ್ಣೂ ಎಥಿಲೀನ್ ಬಿಡುತ್ತೆ. ಡ್ರಮ್ ಮಾಡಿಸಿ ಹೊರಗೆ ಹಾಕಿದ್ದನ್ನೇ ಬಾಡಿಗೆ ಕೊಟ್ಟು ಒಳಗೆ ತರ್ತೀರಾ? ಬೇರೆ ಕೋಣೆ ಕೇಳಿ, 4-5 ಡಿಗ್ರಿ ಇರೋದು.